ಸೆಮಿನೋಮಾ ಪಕ್ಕದ ಕಂದು ಕಣ: ಸಿಡಿ68 ಎಣಿಕೆ ಕೊನೆಗೂ ಹಿಡಿತಕ್ಕೆ ಬಂತು

ಸೆಮಿನೋಮಾ ಎಂಬ ವೃಷಣದ ಕ್ಯಾನ್ಸರ್ ಗಡ್ಡೆಯಲ್ಲಿ ರೋಗನಿರೋಧಕ ಕೋಶಗಳನ್ನು ಆ್ಯಂಟಿಬಾಡಿ ಸ್ಟೇನಿನಿಂದ ಗುರುತಿಸಿ ಎಣಿಸುವ ಕೆಲಸ ಇದು. ಟಿ ಕೋಶಗಳನ್ನು ತೋರಿಸುವ ಸಿಡಿ3, ಸಿಡಿ8 ಸ್ಲೈಡುಗಳು ತಕರಾರಿಲ್ಲದೆ ಮುಗಿದಿವೆ. ಸೆಮಿನೋಮಾದಲ್ಲಿ ಟಿ ಕೋಶಗಳು ನಾರಿನ ಪಟ್ಟಿಗಳ ಉದ್ದಕ್ಕೂ ದಟ್ಟವಾಗಿ ಸೇರಿರುತ್ತವೆ, ಗಡ್ಡೆಯ ಕೋಶಗಳ ನಡುವೆಯೂ ನುಸುಳಿರುತ್ತವೆ. ಆ ತಿಳಿ ಮೈಯ ದೊಡ್ಡ ಕೋಶಗಳ ಮಧ್ಯೆ ಇವನ್ನು ಎಣಿಸುವುದು ಸುಲಭ. ಸತಾಯಿಸಿದ್ದು ಮ್ಯಾಕ್ರೋಫೇಜ್, ಅಂದರೆ ಕಸ ನುಂಗುವ ರೋಗನಿರೋಧಕ ಕೋಶ; ಅದರ ಗುರುತು ಸಿಡಿ68.

ಹೋಲಿಕೆಗೆಂದು ಇಟ್ಟುಕೊಂಡ ಗಡ್ಡೆಯಿಲ್ಲದ ಭಾಗದಲ್ಲೇ ಸಿಡಿ68 ಎಣಿಕೆ ವಿಪರೀತ ಬರುತ್ತಿತ್ತು. ವೃಷಣದಲ್ಲಿ ಮ್ಯಾಕ್ರೋಫೇಜ್ ಇರುವುದು ಸಹಜ, ಅದೂ ಟೆಸ್ಟೋಸ್ಟಿರೋನ್ ತಯಾರಿಸುವ ಲೈಡಿಗ್ ಕೋಶಗಳಿಗೆ ಅಂಟಿಕೊಂಡೇ. ತೊಡಕು ಅಲ್ಲೇ ಇದೆ: ಲೈಡಿಗ್ ಕೋಶದೊಳಗಿನ ಲಿಪೋಫ್ಯೂಸಿನ್ ಎಂಬ ಪಿಗ್ಮೆಂಟ್ ಹೊಂಗಂದು, ಸ್ಟೇನಿಗೆ ಬಳಸುವ ಡ್ಯಾಬ್ ಬಣ್ಣ ಕೂಡ ಕಂದು. ಎಣಿಸುವ ಸಾಫ್ಟ್‌ವೇರ್‌ಗೆ ಎರಡೂ ಒಂದೇ. ಹೀಗಾದರೆ ಗಡ್ಡೆಗೂ ಪಕ್ಕದ ಭಾಗಕ್ಕೂ ಇರುವ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ಪತ್ತೆಗೆ ಒಂದೇ ಅಂಗಾಂಶ ಬ್ಲಾಕಿನ ಮೂರು ಸೆಕ್ಷನ್ (ತೆಳು ಸೀಳು) ಸಾಕು, 4 ಮೈಕ್ರಾನಿನವು. ಒಂದಕ್ಕೆ ಪೂರ್ತಿ ಸ್ಟೇನ್, ಇನ್ನೊಂದಕ್ಕೆ ಪ್ರೈಮರಿ, ಅಂದರೆ ಸಿಡಿ68ಕ್ಕೆ ಅಂಟುವ ಆ್ಯಂಟಿಬಾಡಿ, ಬಿಟ್ಟು ಉಳಿದದ್ದೆಲ್ಲ, ಮೂರನೆಯದಕ್ಕೆ ನ್ಯೂಕ್ಲಿಯಸ್ಸಿಗೆ ನೀಲಿ ಬಣ್ಣ ಕೊಡುವ ಹೆಮಟಾಕ್ಸಿಲಿನ್ ಮಾತ್ರ. ಮೂರನೆಯದರಲ್ಲೂ ಕಂದು ಕಂಡರೆ ಅದು ಪಿಗ್ಮೆಂಟೇ. ಎರಡನೆಯದರಲ್ಲಿ ಕಂಡು ಮೂರನೆಯದರಲ್ಲಿ ಕಾಣದಿದ್ದರೆ, ಡ್ಯಾಬನ್ನು ಕಂದಾಗಿಸುವ ಅಂಗಾಂಶದ ಸ್ವಂತ ಪೆರಾಕ್ಸಿಡೇಸ್ ಎಂಜೈಮಿಗೆ ಹಾಕಿದ ತಡೆ ಬಹುಶಃ ಸಾಲದು, 3% ಹೈಡ್ರೋಜನ್ ಪೆರಾಕ್ಸೈಡನ್ನು ಹೊಸದಾಗಿ ಬೆರೆಸಿ 10 ನಿಮಿಷ ಇಡಿ. ಸ್ಟೇನ್ ಮಾಡದ ಸೆಕ್ಷನ್‌ಗೆ ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿನಲ್ಲಿ ನೀಲಿ ಬೆಳಕು ಬಿಟ್ಟರೆ ಲಿಪೋಫ್ಯೂಸಿನ್ ಹಳದಿಯಾಗಿ ಹೊಳೆಯುತ್ತದೆ. ನ್ಯೂಕ್ಲಿಯಸ್ಸಿನ ಪಕ್ಕ ಗುಂಪಾದ ಸಣ್ಣ ಸಣ್ಣ ಕಣ. ಒಮ್ಮೆ ನೋಡಿದರೆ ಮತ್ತೆ ಮೋಸಹೋಗುವುದಿಲ್ಲ.

ಪರಿಹಾರ ಕೆಂಪು ಬಣ್ಣ. ಪಿಎಚ್ 9ರ ಟ್ರಿಸ್-ಇಡಿಟಿಎಯಲ್ಲಿ 20 ನಿಮಿಷ ಕಾಯಿಸಿ, ಆಲ್ಕಲೈನ್ ಫಾಸ್ಫಟೇಸ್ ಎಂಜೈಮ್ ಹೊತ್ತ ಪಾಲಿಮರ್, ಆಮೇಲೆ ಆ ಎಂಜೈಮಿನಿಂದ ಕೆಂಪು ಬಣ್ಣ ಕೊಡುವ ಫಾಸ್ಟ್ ರೆಡ್. ಅಂಗಾಂಶದ ಸ್ವಂತ ಫಾಸ್ಫಟೇಸ್ ಅಡಗಿಸಲು 1 ಮಿಲಿಮೋಲಾರ್ ಲೆವಾಮಿಸೋಲ್. ಆದರೂ ಮೊದಲ ಸುತ್ತಿನಲ್ಲಿ ಕೆಂಪು ಬರೀ ನಸುಗುಲಾಬಿ. ಕಾರಣ ತೊಳೆಯಲು ಬಳಸಿದ ಪಿಬಿಎಸ್ (ಫಾಸ್ಫೇಟ್ ಬಫರ್ ಉಪ್ಪುನೀರು): ಅದರೊಳಗಿನ ಫಾಸ್ಫೇಟ್ ಈ ಎಂಜೈಮನ್ನೇ ಕಟ್ಟಿಹಾಕುತ್ತದೆ. ಫಾಸ್ಫೇಟ್ ಬದಲು ಟ್ರಿಸ್ ಇರುವ, ಪಿಎಚ್ 7.6ರ ಟಿಬಿಎಸ್‌ಗೆ ಬದಲಿಸಿದ್ದೇ ತಡ, ಮ್ಯಾಕ್ರೋಫೇಜ್ ಕೆಂಪಗೆ, ಲೈಡಿಗ್ ಕೋಶದ ಕಣ ಕಂದಾಗಿ, ಪಕ್ಕಪಕ್ಕದಲ್ಲೇ ಬೇರೆಬೇರೆ ಕಂಡವು!

ಫಾಸ್ಟ್ ರೆಡ್ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ. ಕವರ್‌ಸ್ಲಿಪ್ ಅಂಟಿಸಲು ನೀರಿನ ಮೌಂಟೆಂಟನ್ನೇ ಬಳಸಬೇಕು. ಸ್ಟೇನ್ ಕಿಟ್ ಜೊತೆ ಬಂದ ಹಾಳೆಯಲ್ಲಿ ಈ ಒಂದು ಸಾಲು ಇಲ್ಲ. ಇಷ್ಟು ಬೆಲೆ ತೆಗೆದುಕೊಳ್ಳುವ ಸರಬರಾಜುದಾರರು ಅದನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಬೇಕಿತ್ತು.

ಮುಂದಿನದು ಮಾಸ್ಟ್ ಕೋಶ, ಅಲರ್ಜಿಯಲ್ಲಿ ಕೆಲಸ ಮಾಡುವ ರೋಗನಿರೋಧಕ ಕೋಶ. ಅಲ್ಲಿ KIT ಎಂಬ ಪ್ರೋಟೀನಿನ, ಅಂದರೆ ಸಿಡಿ117ರ, ಆ್ಯಂಟಿಬಾಡಿ ಕೆಲಸಕ್ಕೆ ಬಾರದು: ಸೆಮಿನೋಮಾ ಕೋಶಗಳೂ ಅದಕ್ಕೆ ಪಾಸಿಟಿವ್. ಮಾಸ್ಟ್ ಕೋಶದ ಎಂಜೈಮಾದ ಟ್ರಿಪ್ಟೇಸ್‌ನ ಆ್ಯಂಟಿಬಾಡಿಯಿಂದಲೇ ಶುರು.