ಎಣ್ಣೆ ಕುಡಿದ ಮರ

ನವೆಂಬರ್ 16, 2025, ಭಾನುವಾರ

ಚಿಕ್ಕಪ್ಪನ ಜೊತೆ ಇವತ್ತು ಮತ್ತೆ ಬಂದೂಕಿಗೆ ಬಿಡೋ ಮಷಿನ್ ಎಣ್ಣೆ ವಿಷಯಕ್ಕೆ ವಾದ. ಹಳೇ ಜೋಡಿ ನಳಿಗೆ ಬಂದೂಕಿನ ಮೇಲೆ ಅವರಿಗಿರುವ ಪ್ರೀತಿ ನಿಮಗೆಲ್ಲ ಗೊತ್ತೇ ಇದೆ. ಆ ಪ್ರೀತಿಯೇ ಅದನ್ನು ಸೀಳುತ್ತಿದೆ ಅಂತ ಹೇಗೆ ಹೇಳೋದು?

"ಮರ ಒಣಗಿದೆ ಕಣೋ, ಅದಕ್ಕೇ ಬಿರುಕು. ಇನ್ನೊಂದಿಷ್ಟು ಎಣ್ಣೆ ಬಿಡು."

"ಒಣಗಿಲ್ಲ ಚಿಕ್ಕಪ್ಪ, ನೆನೆದಿದೆ. ಇಲ್ಲಿ ನೋಡಿ."

ಎರಡೂ ನಳಿಗೆ ಖಾಲಿ ಇರೋದನ್ನು ನೋಡಿಕೊಂಡು, ಕಬ್ಬಿಣದ ಭಾಗ ಬಿಚ್ಚಿ ತೋರಿಸಿದೆ. ಅಕ್ರೋಟ್ ಮರದ ಸ್ಟಾಕ್, ಅಂದರೆ ಭುಜಕ್ಕೆ ಒತ್ತಿ ಹಿಡಿಯುವ ಹಿಂಭಾಗ, ಉಳಿದ ಕಡೆಯೆಲ್ಲ ಚೆನ್ನಾದ ಕಂದು. ಕಬ್ಬಿಣ ಬಂದು ಕೂರುವ ತುದಿ ಮಾತ್ರ ಕಪ್ಪು. ಉಗುರು ಒತ್ತಿದರೆ ಗುರುತು ಬೀಳುತ್ತಿತ್ತು. ಗೋಡೆಗೆ ನಳಿಗೆಯ ಬಾಯಿ ಮೇಲೆ ಮಾಡಿ ನಿಲ್ಲಿಸಿದ ಬಂದೂಕಿನಲ್ಲಿ ಎಣ್ಣೆ ಎಲ್ಲಿಗೆ ಹೋಗುತ್ತೆ? ಕೆಳಕ್ಕೆ, ಸೀದಾ ಮರದೊಳಕ್ಕೆ. ವರ್ಷಗಟ್ಟಲೆ ಹಾಗೇ ಇಳಿದು ಮರ ಮೆತ್ತಗಾಗಿದೆ.

ಅವರು ಏನೂ ಮಾತಾಡಲಿಲ್ಲ. ಕನ್ನಡಕ ಒರೆಸಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು, "ಮತ್ತೆ ಸೀಳಿದ್ದು ಯಾಕೆ? ಮೆತ್ತಗಿರೋದು ಸೀಳೋದಿಲ್ಲವಲ್ಲ" ಅಂದರು. ಒಳ್ಳೇ ಪ್ರಶ್ನೆ.

ಗುಂಡು ಹಾರಿದಾಗ ಕಬ್ಬಿಣವೆಲ್ಲ ಹಿಂದಕ್ಕೆ ತಳ್ಳುತ್ತೆ. ಮರದ ತುದಿ ಎಲ್ಲ ಕಡೆ ಸಮವಾಗಿ ಕೂತಿದ್ದರೆ ಆ ಏಟು ಹಂಚಿಹೋಗುತ್ತೆ. ಮೆತ್ತಗಿದ್ದರೆ ಮರ ಒಳಕ್ಕೆ ಜಜ್ಜಿಕೊಳ್ಳುತ್ತೆ, ತಿರುಪು ಸಡಿಲವಾಗುತ್ತೆ, ಸಂದು ಬೀಳುತ್ತೆ. ಆಮೇಲೆ ಪ್ರತಿ ಸಲವೂ ಕಬ್ಬಿಣ ಆ ಸಂದಿನಲ್ಲಿ ಓಡಿಬಂದು ಗುದ್ದುತ್ತೆ. ಮೇಲ್ಗಡೆ ಮರದೊಳಕ್ಕೆ ಚಾಚಿಕೊಂಡ ಪಟ್ಟಿ ಇದೆಯಲ್ಲ, ಟ್ಯಾಂಗ್, ಅದರ ತುದಿ ಸೌದೆಗೆ ಹೊಡೆದ ಬೆಣೆಯ ಕೆಲಸ ಮಾಡುತ್ತೆ. ಇವರ ಬಿರುಕು ಶುರುವಾಗಿರೋದೂ ಸರಿಯಾಗಿ ಅಲ್ಲೇ. ಕೂದಲೆಳೆಯಷ್ಟು ತೆಳು, ಬೆಳಕಿಗೆ ಓರೆ ಹಿಡಿದರೆ ಮಾತ್ರ ಕಾಣುತ್ತೆ. ಅದಕ್ಕೇ ತಿಳಿದವರು ಟ್ಯಾಂಗ್ ಹಿಂದೆ ತೆಳುವಾದ ಕಾರ್ಡ್ ತೂರುವಷ್ಟು ಜಾಗ ಬಿಟ್ಟಿರುತ್ತಾರೆ. ನೋಡಿದವರಿಗೆ ಅದು ಕೆಲಸದ ಕುಂದು ಅನ್ನಿಸುತ್ತೆ, ಪಾಪ.

ಕಪ್ಪಾದ ಜಾಗಕ್ಕೆ ಅಸಿಟೋನ್‌ನಲ್ಲಿ ಕಲಸಿದ ಸೀಮೆಸುಣ್ಣದ ಪುಡಿ ಮೆತ್ತಿದ್ದೇನೆ, ಕಿಟಕಿ ತೆಗೆದಿಟ್ಟು, ಒಲೆಯಿಂದ ದೂರ. ಒಣಗಿದ ಹಾಗೆ ಬಿಳಿ ಪುಡಿ ಹಳದಿಗೆ ತಿರುಗಿತು. ಚಿಕ್ಕಪ್ಪ ಅದನ್ನೇ ನೋಡ್ತಾ ಕೂತಿದ್ದರು. "ಇಷ್ಟೊಂದಾ?" ಅಂದರು. ಇನ್ನೂ ಬರುತ್ತೆ. ಪುಡಿ ಬೆಳ್ಳಗೇ ಉಳಿಯುವ ತನಕ ಮಾಡಬೇಕು. ಎಣ್ಣೆ ಇರುವಾಗ ಯಾವ ಅಂಟೂ ಹಿಡಿಯೋದಿಲ್ಲ. ಹೋದ ಮೇಲೆ ಬಿರುಕಿಗೆ ತೆಳು ಎಪಾಕ್ಸಿ ಅಂಟು ಇಳಿಸಿ, ಒಳಗಿನ ಬರಿ ಮರಕ್ಕೆ, ಭುಜಕ್ಕೆ ತಾಗುವ ಹಿಂದಿನ ತಟ್ಟೆಯ ಅಡಿಗೂ, ಅಗಸೆ ಎಣ್ಣೆ ತೆಳ್ಳಗೆ ಸವರಬೇಕು. ಎಣ್ಣೆ ಬೇಡ ಅಂದವನೇ ಎಣ್ಣೆ ಸವರೋದಾ ಅಂತ ನಕ್ಕರು. ಇದು ಒಣಗಿ ಗಟ್ಟಿಯಾಗುವ ಎಣ್ಣೆ, ತೇವ ಹತ್ತೋದನ್ನು ನಿಧಾನ ಮಾಡುತ್ತೆ. ಮಷಿನ್ ಎಣ್ಣೆ ಒಣಗೋದೇ ಇಲ್ಲ.

ತಿರುಪು ನೋಡಿದೆ, ಸಡಿಲ. ಹಾಗಂತ ಮೆತ್ತಗಿನ ಮರದ ಮೇಲೆ ಜೋರಾಗಿ ಬಿಗಿದರೆ ಇನ್ನಷ್ಟು ಜಜ್ಜಿಹೋಗುತ್ತೆ. ಮರ ಗಟ್ಟಿಯಾಗಲಿ, ಆಮೇಲೆ.

ಬಾಯಿ ಕೆಳಗೆ ಮಾಡಿ ಇಡೋದಕ್ಕೆ ಒಪ್ಪಿಸುವಷ್ಟರಲ್ಲಿ ಸಾಕಾಯ್ತು. "ಬಂದೂಕು ತಲೆಕೆಳಗಾಗಿ ಇಡ್ತಾರೇನೋ?" ಇಡ್ತಾರೆ ಚಿಕ್ಕಪ್ಪ, ಬಾಯಿ ಕೆಳಗೊಂದು ಬಟ್ಟೆ ಹಾಕಿ.

ತಲೆನೋವು ಬೇರೆ. ಅಸಿಟೋನ್ ವಾಸನೆ ಇರಬೇಕು.

ತೋಟಾ ಮಾತು ಎತ್ತೋದಕ್ಕೇ ಆಗಲಿಲ್ಲ. ಹಳೇ ಬಂದೂಕಿನ ಕೋಣೆ, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಜಾಗ, ಎಷ್ಟೋ ಸಲ 65 ಮಿ.ಮೀ. ಉದ್ದ ಇರುತ್ತೆ. 70ರ ತೋಟಾ (ಆ ಅಳತೆ ಬಾಯಿ ಬಿಚ್ಚಿಕೊಂಡ ಮೇಲಿನದು) ಅದರಲ್ಲಿ ಸಲೀಸಾಗಿ ಕೂರುತ್ತೆ, ಅದೇ ತೊಂದರೆ. ಹಾರಿದಾಗ ತೋಟಾದ ಬಾಯಿ ಬಿಚ್ಚೋಕೆ ಜಾಗ ಸಾಲದೆ ಒತ್ತಡ ಏರುತ್ತೆ. ಚಿಕ್ಕಪ್ಪನ ತೋಟಾ ಡಬ್ಬಿಯಲ್ಲಿ ಯಾವುದಿದೆ ಅಂತ ನಾಳೆ ಫೋನ್ ಮಾಡಿ ಕೇಳಬೇಕು, ಕೋಣೆಯ ಅಳತೆಗೆ ನಳಿಗೆ ಅಡಿಯ ಮುದ್ರೆ ಓದಿಸಬೇಕು, ಅವರ ಕನ್ನಡಕಕ್ಕೆ ಅದು ಕಂಡರೆ...