ಹೊಸತೊಡಕಿನ ಕೋಳಿ ಮತ್ತು ನನ್ನ 17 ಮಿಲಿಮೀಟರ್

ಹೊಸತೊಡಕಿನ ಬೆಳಿಗ್ಗೆ ತುಮಕೂರಿನ ಮಾಂಸದಂಗಡಿಗಳ ಮುಂದೆ ಸಾಲುಗಟ್ಟಿದ್ದವರೆಲ್ಲ ಸಾರಿಗೆಂದು ಕೋಳಿ ಕೊಂಡರು. ನಾನು ಪ್ರಯೋಗಾಲಯಕ್ಕೆಂದು ಹನ್ನೆರಡು ಅಂಗಡಿಗಳಲ್ಲಿ ಕೊಂಡೆ, ಅದರಲ್ಲಿನ ಬ್ಯಾಕ್ಟೀರಿಯಾ ಯಾವ ಆ್ಯಂಟಿಬಯಾಟಿಕ್‌ಗೆ ಬಗ್ಗುವುದಿಲ್ಲ ಎಂದು ನೋಡಲು. ‘ಚರ್ಮ ಸಮೇತ ಕೊಡಿ, ತೊಳೆಯಬೇಡಿ’ ಎಂದಾಗ ಅಂಗಡಿಯವರು ನನ್ನನ್ನು ವಿಚಿತ್ರವಾಗಿ ನೋಡಿದರು. 25 ಗ್ರಾಂ ಮಾಂಸ, ಬ್ಯಾಕ್ಟೀರಿಯಾ ಬೆಳೆಸಲು 225 ಮಿಲಿ ಪೆಪ್ಟೋನ್ ವಾಟರ್, ಮಾರನೆಯ ದಿನ ಅವನ್ನು ಗುರುತಿಸಲು ಇಎಂಬಿ ಎಂಬ ಬಣ್ಣದ ಮಾಧ್ಯಮ. ಹನ್ನೆರಡರಲ್ಲೂ ಹಸಿರು ಲೋಹದ ಹೊಳಪು, ಅಂದರೆ ಕರುಳಿನ ಬ್ಯಾಕ್ಟೀರಿಯಾ ಇ. ಕೋಲಿ. ಅಲ್ಲಿಯವರೆಗೆ ಅಚ್ಚರಿಯೇನಿಲ್ಲ.

ನಾಲ್ಕನೆಯ ದಿನ, ಆ ಬ್ಯಾಕ್ಟೀರಿಯಾ ಹರಡಿ ಮೇಲೆ ಔಷಧದ ಪುಟ್ಟ ಡಿಸ್ಕುಗಳನ್ನಿಟ್ಟಿದ್ದ ಮುಲ್ಲರ್ ಹಿಂಟನ್ ಪ್ಲೇಟುಗಳನ್ನು ಹೊರತೆಗೆದು, ಡಿಸ್ಕಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯವನ್ನು ಮಿಲಿಮೀಟರಿನಲ್ಲಿ ಅಳೆಯಲು ಸ್ಕೇಲು ಹಿಡಿದೆ. ಟೆಟ್ರಾಸೈಕ್ಲಿನ್ ಡಿಸ್ಕಿನ ಸುತ್ತ ಒಂಬತ್ತು ಪ್ಲೇಟುಗಳಲ್ಲಿ ವಲಯವೇ ಇಲ್ಲ: 6, 6, 6, ಅಂದರೆ ಬರೀ ಡಿಸ್ಕಿನ ಅಗಲ. ಕೋಳಿ ಸಾಕಣೆಯಲ್ಲಿ ದಶಕಗಳಿಂದ ಬಳಸುತ್ತಿರುವ ಔಷಧ, ಇನ್ನೇನಾದೀತು ಎಂದು ಬೇಸರದಿಂದಲೇ ಬರೆದುಕೊಂಡೆ. ಆಮೇಲೆ ಇಮಿಪೆನೆಮ್: 17, ಔಷಧ ಸೋತಿದೆ ಎನ್ನುವಷ್ಟು ಸಣ್ಣ ವಲಯ. ಮತ್ತೆ ಅಳೆದೆ, 17. ಮುಂದಿನದು 16. ಎದೆ ಹೊಡೆದುಕೊಳ್ಳತೊಡಗಿತು. ಐಸಿಯುಗಳಲ್ಲಿ ಬೇರೆ ಔಷಧಗಳು ಸೋತಾಗ ತೆಗೆಯುವ ಔಷಧವಿದು, ಕೋಳಿಗೆ ಯಾರೂ ಕೊಡುವುದಿಲ್ಲ. ಅನುಮಾನ ಹುಟ್ಟಬೇಕಾಗಿದ್ದುದೇ ಅಲ್ಲಿ. ನನಗೆ ಹುಟ್ಟಿದ್ದು ಪತ್ರಿಕೆಯಲ್ಲಿ ಹೆಸರು ಬರುವ ಆಸೆ. ಮೇಡಂಗೆ ಫೋನ್ ಮಾಡಿದೆ.

‘ಮೇಡಂ, ಹನ್ನೆರಡಕ್ಕೆ ಹನ್ನೆರಡೂ ಇಮಿಪೆನೆಮ್‌ಗೆ ರೆಸಿಸ್ಟೆಂಟ್!’

‘25922 ಎಷ್ಟು ಬಂತಪ್ಪ?’

25922 ಎಂದರೆ ಪರೀಕ್ಷೆ ಸರಿಯಿದೆಯೇ ಎಂದು ನೋಡಲು ಜೊತೆಗಿಡುವ, ವಲಯದ ಅಳತೆ ಮೊದಲೇ ಗೊತ್ತಿರುವ ಇ. ಕೋಲಿ ತಳಿ. ಅದರ ಕ್ಯೂಸಿ (ಗುಣಮಟ್ಟ ಪರೀಕ್ಷೆಯ) ಪ್ಲೇಟು ಇನ್‌ಕ್ಯುಬೇಟರಿನಲ್ಲೇ ಇತ್ತು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಅಳೆದೆ. ಇಮಿಪೆನೆಮ್‌ಗೆ 26ರಿಂದ 32ರೊಳಗೆ ಇರಬೇಕಾದದ್ದು 18. ಸ್ಕೇಲನ್ನು ತಿರುಗಿಸಿ ಹಿಡಿದರೂ 18. ಮೇಡಂ ಬೈಯಲಿಲ್ಲ, ಫೋನನ್ನೂ ಇಡಲಿಲ್ಲ, ಸುಮ್ಮನೆ ಕಾದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

‘ಡಿಸ್ಕ್ ಎಲ್ಲಿಟ್ಟಿದ್ದೆ?’

ಫ್ರಿಜ್ ತೆರೆದೆ. ಒಳಗೆ 4 ಡಿಗ್ರಿ. ಆದರೆ ಮೇಲಿನ ಫ್ರೀಜರಿನಲ್ಲಿದ್ದ ಐಸ್ ಪ್ಯಾಕ್ ಕರಗಿ, ಕಂಬಿಗಳ ಅಚ್ಚೊತ್ತಿಕೊಂಡು, ಬಾಗಿದಂತೆಯೇ ಮತ್ತೆ ಗಟ್ಟಿಯಾಗಿತ್ತು. ಯುಗಾದಿಯ ರಜೆಯಲ್ಲಿ ಕರೆಂಟು ಹೋಗಿ, ಬಿಸಿಲಿಗೆ ಕಾದ ಕೋಣೆಯಲ್ಲಿ ಡಿಸ್ಕುಗಳು ಬೆಂದಿದ್ದವು. ಇಮಿಪೆನೆಮ್ ಮೊದಲೇ ಸೂಕ್ಷ್ಮ, ಬಿಸಿಗೆ ಶಕ್ತಿ ಕಳೆದುಕೊಂಡಿತ್ತು. ತಾಪಮಾನದ ರಿಜಿಸ್ಟರಿನಲ್ಲಿ ಮಾತ್ರ ರಜೆಯ ಎರಡೂ ದಿನ 4 ಡಿಗ್ರಿ ಎಂದಿತ್ತು, ಕೆಳಗೆ ನನ್ನದೇ ಸಹಿ. ಊರಿಗೆ ಹೊರಡುವ ಅವಸರದಲ್ಲಿ ಮುಂಗಡವಾಗಿ ತುಂಬಿಸಿ ಹೋಗಿದ್ದೆ.

ಮ್ಯಾನೇಜರ್ ಕೋಣೆಯ ಕಂಪ್ಯೂಟರಿಗೆ ಯುಪಿಎಸ್ ಇದೆ. ಫ್ರಿಜ್ಜಿಗೆ ಬೇಕೆಂಬ ನಮ್ಮ ಅರ್ಜಿ ಕಡತದಲ್ಲಿದೆ. ಹಾಗೆಂದು ಆ ಸುಳ್ಳು 4ನ್ನು ಬರೆದವರು ಅವರಲ್ಲ.

ಬೇರೊಂದು ಪ್ರಯೋಗಾಲಯದಿಂದ ಕೇಳಿ ತಂದ ಹೊಸ ಡಿಸ್ಕ್ ಕಾರ್ಟ್ರಿಜ್‌ನಿಂದ ಎಲ್ಲವನ್ನೂ ಮತ್ತೆ ಮಾಡಿದೆ. ಇಮಿಪೆನೆಮ್ 27, 28, 29, ಹನ್ನೆರಡೂ ಸೆನ್ಸಿಟಿವ್, ಅಂದರೆ ಔಷಧಕ್ಕೆ ಬಗ್ಗುವಂಥವು. ಟೆಟ್ರಾಸೈಕ್ಲಿನ್‌ಗೆ ಕ್ಯೂಸಿ ಮೊದಲ ಸಲವೇ 21 ಇತ್ತು, ಸರಿಯಾಗಿಯೇ ಇತ್ತು. ನಾನು ಮೂಗು ಮುರಿದಿದ್ದ ಆ ಒಂಬತ್ತು 6ಗಳು ಈ ಸಲವೂ 6 ಆಗಿಯೇ ಉಳಿದವು.

‘ಹೊಸದೇನೂ ಇಲ್ಲವಲ್ಲ’ ಎನ್ನುತ್ತಾ ಮ್ಯಾನೇಜರ್ ವರದಿಗೆ ಸಹಿ ಹಾಕಿದರು. ಫ್ರಿಜ್ಜಿನ ಅರ್ಜಿಗೆ ಇನ್ನೂ ಹಾಕಿಲ್ಲ.