ಲಿಂಕ್ ಹಾಕಿ ಓಡಿಹೋಗಬೇಡಿ

ಬ್ಲಾಗಿಗೆ ಫಾಲೋವರ್ಸ್ ಬೇಕು ಅಂದಾಗ ಹೆಚ್ಚಿನವರು ಮೊದಲು ಕೇಳುವುದು ದಿನಕ್ಕೆ ಎಷ್ಟು ಪೋಸ್ಟ್ ಹಾಕಬೇಕು, ಎಷ್ಟು ಗಂಟೆಗೆ ಹಾಕಬೇಕು ಅಂತ. ಸೋಷಿಯಲ್ ಮೀಡಿಯಾ ಖಾತೆ ನೋಡಿಕೊಳ್ಳುವ ಕೆಲಸದಲ್ಲಿ ಇರುವವರ ಚಿಂತೆ ಬೇರೆ. ಜನ ಬರದಿದ್ದರೆ ಹೋಗಲಿ, ಬಂದವರು ನಮ್ಮ ಪೋಸ್ಟ್ ತಮಗೆ ಕಾಣದಂತೆ ಸದ್ದಿಲ್ಲದೆ ಮ್ಯೂಟ್ ಮಾಡಿ ಹೋಗುತ್ತಾರಲ್ಲ, ನಷ್ಟ ಅದು. ಅನ್‌ಫಾಲೋ ಮಾಡಿದರೆ ಸಂಖ್ಯೆ ಇಳಿದದ್ದಾದರೂ ಕಾಣುತ್ತದೆ. ಮ್ಯೂಟ್ ಮಾಡಿದರೆ ಏನೂ ಕಾಣುವುದಿಲ್ಲ. ಲೆಕ್ಕದಲ್ಲಿ ಅವರು ಇರುತ್ತಾರೆ, ಓದುವವರಲ್ಲಿ ಇರುವುದಿಲ್ಲ.

ಇದರ ಪೆಟ್ಟು ಎಷ್ಟು ಅನ್ನುವುದಕ್ಕೆ ಒಂದು ಗಟ್ಟಿ ಲೆಕ್ಕ ಇದೆ. 2023ರಲ್ಲಿ ಟ್ವಿಟರ್ (ಈಗಿನ ಎಕ್ಸ್) ಯಾರಿಗೆ ಯಾವ ಪೋಸ್ಟ್ ತೋರಿಸಬೇಕು ಎಂದು ನಿರ್ಧರಿಸುವ ತನ್ನ ಶಿಫಾರಸು ವ್ಯವಸ್ಥೆಯ ಕೋಡನ್ನು ಬಹಿರಂಗ ಮಾಡಿತು. ಓದುಗ ಒಂದು ಪೋಸ್ಟಿಗೆ ಹೇಗೆ ಪ್ರತಿಕ್ರಿಯಿಸಬಹುದು ಎಂದು ಅಂದಾಜಿಸಿ, ಪ್ರತಿಯೊಂದಕ್ಕೂ ಒಂದು ತೂಕ ಕೊಡುವ ಲೆಕ್ಕ ಅದು. ಲೈಕ್‌ಗೆ 0.5, ರೀಟ್ವೀಟ್‌ಗೆ 1, ಉತ್ತರ ಬರೆದರೆ 13.5. ಬಂದ ಉತ್ತರಕ್ಕೆ ಪೋಸ್ಟ್ ಹಾಕಿದವರು ಸ್ಪಂದಿಸಿದರೆ 75. ಮ್ಯೂಟ್, ಬ್ಲಾಕ್ ಅಥವಾ ‘ಇಂಥದ್ದು ಕಡಿಮೆ ತೋರಿಸು’ ಎಂದರೆ ಮೈನಸ್ 74. ರಿಪೋರ್ಟ್ ಮಾಡಿದರೆ ಮೈನಸ್ 369. ಇವು ಆಗಿನ ಅಂಕಿಗಳು, ಇಂಥವು ಬದಲಾಗುತ್ತಲೇ ಇರುತ್ತವೆ. ಆದರೂ ಅನುಪಾತ ನೋಡಿ: ಒಬ್ಬರು ಮ್ಯೂಟ್ ಮಾಡಿದ್ದನ್ನು ಸರಿದೂಗಿಸಲು ಸುಮಾರು ನೂರೈವತ್ತು ಲೈಕ್ ಬೇಕು. ಬಂದ ಮಾತಿಗೆ ಮಾತು ಕೊಟ್ಟರೆ ಸಿಗುವ ಬೆಲೆ ಬರೀ ಲೈಕಿನ ನೂರೈವತ್ತು ಪಟ್ಟು. ಹಾಗಾಗಿ ಜಾಲತಾಣದಲ್ಲಿ ಮರ್ಯಾದೆಯಿಂದ ನಡೆದುಕೊಳ್ಳುವುದೂ ಪೋಸ್ಟನ್ನು ದೂರ ಮುಟ್ಟಿಸುವುದೂ ಬಹುಮಟ್ಟಿಗೆ ಒಂದೇ ಕೆಲಸ.

ಬಹಳ ಜನ ಎಡವುವುದು ಲಿಂಕ್ ಹಾಕುವ ಕಡೆ. ‘ಹೊಸ ಬರಹ, ಓದಿ’ ಎಂದು ಬರೆದು ಲಿಂಕ್ ಅಂಟಿಸಿ ಹೊರಟುಬಿಡುತ್ತಾರೆ. ಓದುಗನಿಗೆ ಅದರಲ್ಲಿ ಏನಿದೆ ಅಂತ ತಿಳಿಯುವುದಿಲ್ಲ, ತಿಳಿಯಬೇಕಾದರೆ ಕ್ಲಿಕ್ ಮಾಡಿ ಇನ್ನೊಂದು ಪುಟ ತೆರೆಯುವವರೆಗೆ ಕಾಯಬೇಕು. ಬರಹದ ಒಂದು ಉಪಯೋಗದ ಮಾತನ್ನು ಪೋಸ್ಟಿನಲ್ಲೇ ಪೂರ್ತಿ ಕೊಟ್ಟುಬಿಡಿ, ಕ್ಲಿಕ್ ಮಾಡದವರಿಗೂ ಏನಾದರೂ ಸಿಗಲಿ. ಎಲ್ಲ ಕೊಟ್ಟರೆ ಬ್ಲಾಗಿಗೆ ಯಾರು ಬರುತ್ತಾರೆ ಅನ್ನುವ ಭಯ ಬೇಡ. ಒಂದು ಪ್ಯಾರಾ ಓದಿ ತೃಪ್ತರಾಗುವವರು ಹೇಗೂ ಬರುತ್ತಿರಲಿಲ್ಲ.

ಎಕ್ಸ್‌ನಲ್ಲಿ ಉಚಿತ ಖಾತೆಗೆ ಸಿಗುವುದು 280 ಅಕ್ಷರ. ಅದರಲ್ಲಿ ಲಿಂಕ್ ಎಷ್ಟೇ ಉದ್ದವಿರಲಿ, ಮೊಟಕಾಗಿರಲಿ, 23 ಎಂದೇ ಲೆಕ್ಕ. ಹಾಗಾಗಿ ಜಾಗ ಉಳಿಸಲೆಂದು ಲಿಂಕ್ ಚಿಕ್ಕದು ಮಾಡುವ ಸೇವೆಗೆ ಹೋಗಬೇಕಿಲ್ಲ. ಎಲ್ಲಿಗೆ ಹೋಗುತ್ತದೆ ಅಂತ ಕಾಣದ ಲಿಂಕನ್ನು ಒತ್ತಲು ಜನ ಹಿಂಜರಿಯುತ್ತಾರೆ ಕೂಡ. ಕನ್ನಡದಲ್ಲಿ ಬರೆಯುವವರು ಇನ್ನೊಂದನ್ನು ಗಮನಿಸಬೇಕು: ಒತ್ತು, ಗುಣಿತದ ಚಿಹ್ನೆ, ಅರ್ಧಾಕ್ಷರ ಎಲ್ಲ ಬೇರೆಬೇರೆಯಾಗಿಯೇ ಎಣಿಕೆಯಾಗುತ್ತವೆ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದಕ್ಷರ, ಅಲ್ಲಿ ಆರು. ಆದ್ದರಿಂದ ಕನ್ನಡ ಪೋಸ್ಟಿಗೆ ಎರಡು ಮೂರು ವಾಕ್ಯಕ್ಕೇ ಜಾಗ ಮುಗಿಯುತ್ತದೆ. ಮುಖ್ಯ ಮಾತು ಮೊದಲ ವಾಕ್ಯದಲ್ಲೇ ಬಂದಿರಬೇಕು.

ಇನ್‌ಸ್ಟಾಗ್ರಾಮಿನಲ್ಲಿ ಕ್ಯಾಪ್ಶನ್ನಿನೊಳಗೆ ಲಿಂಕ್ ಹಾಕಿದರೆ ಅದನ್ನು ಒತ್ತಲು ಬರುವುದಿಲ್ಲ. ಅಲ್ಲೂ ಉದ್ದನೆಯ ವಿಳಾಸ ಅಂಟಿಸಿದ್ದರೆ ಫೇಸ್‌ಬುಕ್ಕಿಗೆ ಬರೆದದ್ದನ್ನು ಹಾಗೇ ಎತ್ತಿ ಹಾಕಿದ್ದಾರೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಲಿಂಕ್ ಬಯೋದಲ್ಲಿ ಇರಲಿ ಅಥವಾ ಸ್ಟೋರಿಯಲ್ಲಿ ಸ್ಟಿಕರ್ ಆಗಿ ಹೋಗಲಿ. ಕ್ಯಾಪ್ಶನ್ನಿಗೆ 2,200 ಅಕ್ಷರದ ಮಿತಿ ಇದ್ದರೂ ಮೊದಲ ಒಂದೆರಡು ಸಾಲಾದ ಮೇಲೆ ಉಳಿದದ್ದು ‘ಇನ್ನಷ್ಟು’ ಒತ್ತಿದರೆ ಮಾತ್ರ ಕಾಣುತ್ತದೆ.

ಲಿಂಕಿನ ಜೊತೆ ಬರುವ ಚಿತ್ರ, ಶೀರ್ಷಿಕೆ ಬ್ಲಾಗ್ ಪುಟದ ಕೋಡಿನಲ್ಲಿರುವ ಓಪನ್ ಗ್ರಾಫ್ ಟ್ಯಾಗ್ ಎಂಬ ಸಾಲುಗಳಿಂದ ಬರುತ್ತವೆ. ಚಿತ್ರಕ್ಕೆ 1200×630 ಪಿಕ್ಸೆಲ್ ಸರಿಯಾದ ಅಳತೆ. ಕೆಲವು ಕಡೆ ಅಂಚು ಕತ್ತರಿಸಿ ತೋರಿಸುವುದರಿಂದ ಅಕ್ಷರವಿದ್ದರೆ ನಡುವಲ್ಲಿರಲಿ. ಪ್ರಕಟಿಸಿದ ಮೇಲೆ ಶೀರ್ಷಿಕೆ ತಿದ್ದಿದರೂ ಫೇಸ್‌ಬುಕ್ ಹಳೆಯದನ್ನೇ ತೋರಿಸುತ್ತಿದ್ದರೆ ತಪ್ಪು ಬ್ಲಾಗಿನದ್ದಲ್ಲ, ಅದು ಮೊದಲು ಓದಿದ್ದನ್ನು ಇಟ್ಟುಕೊಂಡಿರುತ್ತದೆ. ಫೇಸ್‌ಬುಕ್ಕಿನದೇ ಶೇರಿಂಗ್ ಡಿಬಗರ್ ಎಂಬ ಪರೀಕ್ಷಾ ಪುಟಕ್ಕೆ ವಿಳಾಸ ಕೊಟ್ಟು ಮತ್ತೆ ಓದಿಸಬೇಕು. ಮೊದಲ ಶೇರ್ ಮಾಡುವ ಮುಂಚೆಯೇ ಹೀಗೆ ಪರೀಕ್ಷಿಸಿಕೊಂಡರೆ ಹಾಕಿದ್ದನ್ನು ಅಳಿಸಿ ಮತ್ತೆ ಹಾಕುವ ಪಾಡು ತಪ್ಪುತ್ತದೆ. ಅಳಿಸಿದರೆ ಅಷ್ಟರಲ್ಲಿ ಬಂದ ಕಮೆಂಟುಗಳೂ ಹೋಗುತ್ತವೆ, ಬರೆದವರಿಗೆ ಬೇಸರವಾಗುತ್ತದೆ.

ಇನ್ನು ಬೇರೆಯವರ ಪೋಸ್ಟಿನ ಕೆಳಗೆ ಮಾತಾಡುವುದು. ಓದುಗರು ನಿಜವಾಗಿ ಬರುವುದು ಇಲ್ಲಿಂದಲೇ, ಅಸಭ್ಯತೆ ಹೆಚ್ಚಾಗಿ ನಡೆಯುವುದೂ ಇಲ್ಲೇ. ಒಬ್ಬರು ಟೊಮೆಟೊ ಗಿಡದ ಹಳದಿ ಎಲೆಯ ಫೋಟೊ ಹಾಕಿ ಏನಾಗಿರಬಹುದು ಎಂದು ಕೇಳಿದ್ದಾರೆ ಅನ್ನಿ. ಒಬ್ಬ ಬ್ಲಾಗರ್ ಬರೆಯುತ್ತಾರೆ: “ಸೂಪರ್ ಪೋಸ್ಟ್ ಮೇಡಂ! ಇದೇ ವಿಷಯ ನನ್ನ ಬ್ಲಾಗಲ್ಲಿ ಬರೆದಿದ್ದೀನಿ, ಲಿಂಕ್ ಕೆಳಗಿದೆ, ಫಾಲೋ ಮಾಡಿ.” ಇನ್ನೊಬ್ಬರು ಬರೆಯುತ್ತಾರೆ: “ಫೋಟೊದಲ್ಲಿ ಸರಿಯಾಗಿ ಗೊತ್ತಾಗ್ತಿಲ್ಲ ಮೇಡಂ, ಹಳದಿ ಆಗಿರೋದು ಕೆಳಗಿನ ಹಳೇ ಎಲೆನಾ, ಮೇಲಿನ ಚಿಗುರಾ? ಕೆಳಗಿನಿಂದ ಶುರುವಾಗಿ ಎಲೆ ಪೂರ್ತಿ ಹಳದಿ ಆಗ್ತಿದ್ರೆ ಸಾಮಾನ್ಯವಾಗಿ ಸಾರಜನಕ ಸಾಲ್ತಿಲ್ಲ ಅಂತ. ಚಿಗುರು ಹಳದಿ ಆಗಿ ನರ ಮಾತ್ರ ಹಸಿರಿದ್ರೆ ಕಬ್ಬಿಣದ ಕೊರತೆ. ಗೊಬ್ಬರ ಹಾಕೋ ಮುಂಚೆ ಕುಂಡದಲ್ಲಿ ನೀರು ನಿಲ್ತಿದೆಯಾ ನೋಡಿ, ಬೇರು ಕೊಳೆತ್ರೂ ಎಲೆ ಹಳದಿ ಆಗತ್ತೆ.”

ಎರಡನೆಯದರಲ್ಲಿ ಲಿಂಕೇ ಇಲ್ಲ. ಆದರೂ ಅದನ್ನು ಓದಿದವರಲ್ಲಿ ಕೆಲವರು ಇವರು ಯಾರು ಅಂತ ಹೆಸರನ್ನು ಒತ್ತಿ ನೋಡುತ್ತಾರೆ. ಆಗ ಪ್ರೊಫೈಲಿನಲ್ಲಿ ಏನು ಬರೆಯುತ್ತೀರಿ ಎಂದು ಒಂದು ಸಾಲು, ತೆರೆಯುವ ಒಂದು ಲಿಂಕ್, ಎಲ್ಲ ಕಡೆ ಒಂದೇ ಹೆಸರು ಮತ್ತು ಫೋಟೊ ಇದ್ದರೆ ಸಾಕು. ಪೋಸ್ಟ್ ಹಾಕಿದವರೇ “ಇದರ ಬಗ್ಗೆ ಎಲ್ಲಾದರೂ ಬರೆದಿದ್ದೀರಾ?” ಎಂದು ಕೇಳಿದರೆ ಲಿಂಕ್ ಧಾರಾಳವಾಗಿ ಕೊಡಿ. ಮೊದಲನೆಯ ಥರದ ಕಮೆಂಟನ್ನು ಹತ್ತು ಕಡೆ ನಕಲು ಮಾಡಿ ಅಂಟಿಸಿದರೆ ವೇದಿಕೆಯ ಸ್ಪ್ಯಾಮ್ ಸೋಸುಗಕ್ಕೆ ಸಿಕ್ಕಿಬೀಳುತ್ತದೆ. ಆಮೇಲೆ ನೀವು ಬರೆದದ್ದು ನಿಮಗೆ ಕಾಣುತ್ತಿರುತ್ತದೆ, ಉಳಿದವರಿಗೆ ಕಾಣದೇ ಇರಬಹುದು.

ಟ್ಯಾಗ್ ವಿಷಯದಲ್ಲಿ ನಿಯಮ ಸರಳ: ಬರಹದಲ್ಲಿ ಆ ವ್ಯಕ್ತಿ ಇದ್ದರೆ, ಅವರ ಚಿತ್ರವೋ ಮಾತೋ ಬಳಸಿದ್ದರೆ ಟ್ಯಾಗ್ ಮಾಡಿ. ಗಮನ ಸೆಳೆಯಲು ಮೂವತ್ತು ಜನರನ್ನು ಟ್ಯಾಗ್ ಮಾಡಿದರೆ ಆ ಮೂವತ್ತೂ ಜನರ ಫೋನು ಪ್ರತಿ ಕಮೆಂಟಿಗೂ ಸದ್ದು ಮಾಡುತ್ತಿರಬಹುದು. ಕೇಳದೆ ಯಾರನ್ನೂ ಗುಂಪಿಗೆ ಸೇರಿಸಬೇಡಿ. ಫಾಲೋ ಮಾಡಿದವರಿಗೆಲ್ಲ ತಾನಾಗಿ ಹೋಗುವ “ಧನ್ಯವಾದ, ನನ್ನ ಬ್ಲಾಗ್ ಓದಿ” ಎಂಬ ಖಾಸಗಿ ಸಂದೇಶವನ್ನು (ಡಿಎಂ) ಇವತ್ತೇ ನಿಲ್ಲಿಸಿ, ಅದನ್ನು ಇಷ್ಟಪಡುವವರು ಯಾರೂ ಇಲ್ಲ.

ಫಾಲೋ ಮಾಡಿ, ಅವರು ತಿರುಗಿ ಮಾಡಿದ ಮೇಲೆ ಅನ್‌ಫಾಲೋ ಮಾಡುವ ಆಟವೂ ಅಷ್ಟೇ. ಅದನ್ನು ಪತ್ತೆಹಚ್ಚುವ ಆ್ಯಪ್‌ಗಳೇ ಇವೆ. ದುಡ್ಡು ಕೊಟ್ಟು ಫಾಲೋವರ್ಸ್ ಕೊಂಡರೆ ಇನ್ನೂ ಕಷ್ಟ. ವೇದಿಕೆ ಹೊಸ ಪೋಸ್ಟನ್ನು ಮೊದಲು ಸ್ವಲ್ಪ ಜನರಿಗೆ ತೋರಿಸಿ ಪ್ರತಿಕ್ರಿಯೆ ನೋಡುತ್ತದೆ. ಆ ಸ್ವಲ್ಪ ಜನರಲ್ಲಿ ಅರ್ಧ ನಕಲಿ ಖಾತೆಗಳಾದರೆ ಪ್ರತಿಕ್ರಿಯೆ ತೀರಾ ಕಡಿಮೆಯಾಗುತ್ತದೆ, ಪೋಸ್ಟ್ ಅಲ್ಲಿಗೇ ನಿಲ್ಲಬಹುದು. 2018ರ ನವೆಂಬರಿನಲ್ಲಿ ಇನ್‌ಸ್ಟಾಗ್ರಾಮ್ ಹೀಗೆ ಜನಪ್ರಿಯತೆ ಹೆಚ್ಚಿಸಿಕೊಡುವ ಹೊರಗಿನ ಆ್ಯಪ್‌ಗಳ ಮೂಲಕ ಬಂದ ಲೈಕ್, ಫಾಲೋ, ಕಮೆಂಟುಗಳನ್ನು ತೆಗೆದುಹಾಕುವುದಾಗಿ ಪ್ರಕಟಿಸಿತು. ‘ಹೌದು ಅನ್ನುವವರು ಲೈಕ್ ಒತ್ತಿ, ಐದು ಗೆಳೆಯರನ್ನು ಟ್ಯಾಗ್ ಮಾಡಿ’ ಮಾದರಿಯ ಪೋಸ್ಟುಗಳನ್ನು ಫೇಸ್‌ಬುಕ್ 2017ರ ಡಿಸೆಂಬರಿನಿಂದಲೇ ಕೆಳಗೆ ತಳ್ಳುತ್ತಿದೆ. ಅಭಿಪ್ರಾಯ ಬೇಕಿದ್ದರೆ ಉತ್ತರಿಸಲು ಯೋಗ್ಯವಾದ ಪ್ರಶ್ನೆ ಕೇಳಿ. ಕೇಳಿದ ಮೇಲೆ ಒಂದೆರಡು ಗಂಟೆ ಅಲ್ಲೇ ಇದ್ದು ಮಾತಾಡಿ. ಮಾತಾಡಲು ಪುರುಸೊತ್ತಿಲ್ಲದ ಹೊತ್ತಿನಲ್ಲಿ ಪೋಸ್ಟ್ ಹಾಕದೇ ಇರುವುದೇ ಲೇಸು.

ಬೇರೆಯವರ ಚಿತ್ರ ಬಳಸಿ ‘ಚಿತ್ರಕೃಪೆ: ಅಂತರ್ಜಾಲ’ ಎಂದು ಬರೆಯುವ ಅಭ್ಯಾಸ ಈಗಲೂ ಇದೆ. ಅಂತರ್ಜಾಲ ಫೋಟೊ ತೆಗೆಯುವುದಿಲ್ಲ. ಕ್ರಿಯೇಟಿವ್ ಕಾಮನ್ಸ್ ಚಿತ್ರವಾದರೆ, ಅಂದರೆ ತೆಗೆದವರೇ ಕೆಲವು ಷರತ್ತಿನೊಡನೆ ಎಲ್ಲರ ಬಳಕೆಗೆ ಬಿಟ್ಟದ್ದಾದರೆ, ಅದರ ಹೆಸರು, ತೆಗೆದವರ ಹೆಸರು, ಮೂಲದ ಲಿಂಕ್, ಯಾವ ಪರವಾನಗಿ, ಈ ನಾಲ್ಕೂ ಇರಲಿ, ಕತ್ತರಿಸಿದ್ದರೆ ಅದನ್ನೂ ಹೇಳಿ. ಪರವಾನಗಿಯ ಹೆಸರಲ್ಲಿ ‘ಎನ್‌ಸಿ’ ಎಂದಿದ್ದರೆ ವಾಣಿಜ್ಯ ಬಳಕೆಗೆ ಇಲ್ಲ, ‘ಎನ್‌ಡಿ’ ಎಂದಿದ್ದರೆ ಬದಲಿಸಿದ್ದನ್ನು ಹಂಚುವ ಹಾಗಿಲ್ಲ. ಪರವಾನಗಿ ಕಾಣದಿದ್ದರೆ ಕೇಳಬೇಕು. ಕೇಳುವಾಗ ಸುತ್ತಿಬಳಸಬೇಡಿ: “ನಮಸ್ಕಾರ ಸರ್. ನೀವು ಹಾಕಿರುವ ಮಿಂಚುಳ್ಳಿಯ ಫೋಟೊವನ್ನು ನನ್ನ ಬ್ಲಾಗಿನ ಒಂದು ಬರಹದಲ್ಲಿ ಬಳಸಬಹುದೇ? ಚಿತ್ರದ ಕೆಳಗೇ ನಿಮ್ಮ ಹೆಸರು, ನಿಮ್ಮ ಪುಟದ ಲಿಂಕ್ ಇರುತ್ತದೆ. ಬ್ಲಾಗಿನಲ್ಲಿ ಜಾಹೀರಾತು ಇದೆ. ಬೇಡವೆಂದರೂ ಬೇಸರವಿಲ್ಲ.” ಜಾಹೀರಾತಿನ ಮಾತು ಬಿಡಬೇಡಿ, ತಕರಾರು ಶುರುವಾಗುವುದು ಅಲ್ಲಿಂದಲೇ. ಇನ್ನೊಬ್ಬರ ಪೋಸ್ಟ್ ಇಷ್ಟವಾದರೆ ಸ್ಕ್ರೀನ್‌ಶಾಟ್ ಹಾಕುವ ಬದಲು ಅಲ್ಲಿಯ ಶೇರ್ ಬಟನ್ನನ್ನೇ ಬಳಸಿ. ಸ್ಕ್ರೀನ್‌ಶಾಟಿನಿಂದ ಮೂಲದವರಿಗೆ ಒಬ್ಬ ಓದುಗನೂ ಹೋಗುವುದಿಲ್ಲ.

ಕಣ್ಣು ಕಾಣದ ಓದುಗರೂ ಫಾಲೋವರ್ಸೇ. ಚಿತ್ರದಲ್ಲಿ ಏನಿದೆ ಎಂದು ಹೇಳುವ ಆಲ್ಟ್ ಪಠ್ಯ ಬರೆಯಿರಿ, ಎರಡು ವಾಕ್ಯ ಸಾಕು. ಹತ್ತು ಚಪ್ಪಾಳೆ ಎಮೋಜಿ ಹಾಕಿದರೆ, ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನು ಹತ್ತು ಸಲ ಓದಬಹುದು.

ದುಡ್ಡು ಅಥವಾ ಉಚಿತ ವಸ್ತು ಪಡೆದು ಬರೆದದ್ದಾದರೆ ಮೊದಲ ಸಾಲಲ್ಲೇ ‘ಇದು ಜಾಹೀರಾತು’ ಎಂದಿರಲಿ, ಹ್ಯಾಶ್‌ಟ್ಯಾಗುಗಳ ಗುಂಪಿನ ಕೊನೆಯಲ್ಲಲ್ಲ. ಬರಹದಲ್ಲಿ ತಪ್ಪು ಹೊಕ್ಕಿದ್ದರೆ, ತೋರಿಸಿದವರ ಕಮೆಂಟನ್ನು ಅಳಿಸಬೇಡಿ. ತಿದ್ದಿ, ಏನು ತಿದ್ದಿದೆ ಎಂದು ಬರೆದು, ಅವರಿಗೆ ಅಲ್ಲೇ ಥ್ಯಾಂಕ್ಸ್ ಹೇಳಿ. ಬೈಯಲೆಂದೇ ಬಂದವರ ವಿಷಯ ಬೇರೆ, ಅಲ್ಲಿ ಒಂದು ಉತ್ತರ ಸಾಕು, ಎರಡನೆಯದರಿಂದ ಜಗಳ.

ಪೋಸ್ಟುಗಳನ್ನು ವಾರಕ್ಕೊಮ್ಮೆ ಶೆಡ್ಯೂಲ್ ಮಾಡಿ ಇಡುವವರು ಆ ಸರತಿಯನ್ನು ಒಂದೇ ಸಲಕ್ಕೆ ನಿಲ್ಲಿಸುವ ಬಟನ್ ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಬೇಕು. ದೊಡ್ಡ ಅವಘಡದ ಸುದ್ದಿ ಬಂದ ಗಂಟೆಯಲ್ಲೇ ‘ನಗುನಗುತ್ತಾ ದಿನ ಶುರುಮಾಡಲು ಐದು ದಾರಿ’ ಹೊರಬಿದ್ದರೆ ಅದನ್ನು ಯಂತ್ರ ಹಾಕಿದ್ದೆಂದು ಯಾರೂ ಕ್ಷಮಿಸುವುದಿಲ್ಲ. ಖಾತೆಯನ್ನು ಇಬ್ಬರು ನೋಡಿಕೊಳ್ಳುತ್ತಿದ್ದರೆ ಇಬ್ಬರ ಫೋನಿನಲ್ಲೂ ಶೆಡ್ಯೂಲ್ ಮಾಡುವ ಆ್ಯಪ್ ಲಾಗಿನ್ ಆಗಿರಬೇಕು. ಮತ್ತೆ ಶುರುಮಾಡುವಾಗ ಸರತಿಯಲ್ಲಿ ಇರುವುದನ್ನೆಲ್ಲ ಒಮ್ಮೆ ಓದಿ. ಕೆಲವು ಆ್ಯಪ್‌ಗಳಲ್ಲಿ ನಿಂತಿದ್ದ ಪೋಸ್ಟುಗಳೆಲ್ಲ ಒಟ್ಟಿಗೇ ಹೊರಬೀಳುತ್ತವೆ, ದಿನಾಂಕ ಬದಲಿಸಿಯೇ ಗುಂಡಿ ಒತ್ತಬೇಕು.